ಟವರ್ ಒಡೆದವನು

ಸೋವಿಯತ್ ಲೇಖಕರಾದ ಅರ್ಕಾದಿ ಮತ್ತು ಬೋರಿಸ್ ಸ್ಟ್ರುಗಾಟ್ಸ್ಕಿ ಸಹೋದರರ 'ದಿ ಇನ್‌ಹ್ಯಾಬಿಟೆಡ್ ಐಲ್ಯಾಂಡ್' ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರ್ಕಾರ ಮುಚ್ಚಿಟ್ಟ ಸತ್ಯವನ್ನು ನಾಯಕ ಹೊರಗೆಳೆಯುವ ಸೈನ್ಸ್ ಫಿಕ್ಷನ್ ಬೇಕಾದಷ್ಟು ಓದಿದ್ದೇನೆ. ಇದರಲ್ಲಿ ಸತ್ಯ ಬೇಗನೇ ಗೊತ್ತಾಗಿಬಿಡುತ್ತದೆ, ನಿಜವಾದ ಸಂಕಟ ಶುರುವಾಗುವುದು ಆಮೇಲೆ. ಕಥೆಯನ್ನು ಕೊನೆಯವರೆಗೂ ಹೇಳುತ್ತಿದ್ದೇನೆ, ಓದುವ ಆಸೆ ಇದ್ದವರು ಇಲ್ಲೇ ನಿಲ್ಲಿಸಿ, ಪುಸ್ತಕ ಓದಿ ಬನ್ನಿ.

ಮ್ಯಾಕ್ಸಿಮ್ ಇಪ್ಪತ್ತರ ಆಸುಪಾಸಿನ ಹುಡುಗ. ಹಸಿವು, ಯುದ್ಧ ಎರಡೂ ಇಲ್ಲದ ಮುಂದಿನ ಕಾಲದ ಭೂಮಿಯಿಂದ ಬಂದವನು. ಸರಾಕ್ಷ್ ಎಂಬ ಗ್ರಹದಲ್ಲಿ ಇಳಿಯುತ್ತಾನೆ, ಅವನ ನೌಕೆ ಹಾಳಾಗುತ್ತದೆ, ವಾಪಸ್ ಹೋಗುವ ದಾರಿ ಇಲ್ಲ. ಆ ದೇಶದ ತುಂಬಾ ಟವರ್‌ಗಳು. ಶತ್ರುಗಳ ಕ್ಷಿಪಣಿ ತಡೆಯಲು ಇವು ಬೇಕು ಅಂತ ಸರ್ಕಾರ ಹೇಳುತ್ತದೆ, ಜನ ನಂಬುತ್ತಾರೆ. ನಂಬುವಂತೆ ಮಾಡುತ್ತಿರುವುದೂ ಅದೇ ಟವರ್‌ಗಳು! ಅವುಗಳಿಂದ ಹೊರಡುವ ಕಿರಣಕ್ಕೆ ಸಿಕ್ಕಿದವರು ಪ್ರಶ್ನೆ ಕೇಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾರೆ. ದಿನಕ್ಕೆ ಎರಡು ಸಲ ಕಿರಣದ ತೀವ್ರತೆ ಏರುತ್ತದೆ, ಆಗ ಜನ ಕಣ್ಣಲ್ಲಿ ನೀರು ತುಂಬಿಕೊಂಡು ದೇಶಭಕ್ತಿಯ ಹಾಡು ಹಾಡುತ್ತಾರೆ. ಕೆಲವರ ಮೈಗೆ ಮಾತ್ರ ಈ ಕಿರಣ ಒಗ್ಗುವುದಿಲ್ಲ. ಅವರಿಗೆ ಆ ಹೊತ್ತಿಗೆ ತಲೆ ಸಿಡಿಯುವಂಥ ನೋವು. ಅವರನ್ನು 'ಕುಲಗೆಟ್ಟವರು' ಅಂತ ಕರೆದು ಬೇಟೆಯಾಡುತ್ತಾರೆ.

ಇಲ್ಲೊಂದು ವಿಷಯ ನನ್ನನ್ನು ಅಲುಗಾಡಿಸಿತು. ದೇಶ ಆಳುವವರೂ ಅದೇ 'ಕುಲಗೆಟ್ಟವರು'. ಕಿರಣ ಅವರ ಬುದ್ಧಿಯನ್ನು ಮಂಕು ಮಾಡುವುದಿಲ್ಲ, ಅದಕ್ಕೇ ಅವರು ಆಳುತ್ತಿರುವುದು. ತಾವು ದಿನಕ್ಕೆ ಎರಡು ಸಲ ನೋವಿನಲ್ಲಿ ಹೊರಳಾಡುತ್ತಾ, ತಮ್ಮಂಥವರನ್ನೇ ಹಿಡಿದು ಕೊಲ್ಲಿಸುತ್ತಾ ಆಳುತ್ತಾರೆ. ಅಧಿಕಾರಕ್ಕೆ ಅಂಟಿಕೊಂಡವರ ಬಗ್ಗೆ ಇದಕ್ಕಿಂತ ಭಯಂಕರವಾದ ಚಿತ್ರ ನಾನು ಓದಿಲ್ಲ.

ಮ್ಯಾಕ್ಸಿಮ್ ಸರ್ಕಾರದ ವಿರುದ್ಧ ಕದ್ದುಮುಚ್ಚಿ ಹೋರಾಡುವವರ ಜೊತೆ ಸೇರುತ್ತಾನೆ, ಜೀವ ಪಣಕ್ಕಿಟ್ಟು ಟವರ್ ಮೇಲೆ ದಾಳಿ ಮಾಡುತ್ತಾನೆ, ಸಿಕ್ಕಿಬೀಳುತ್ತಾನೆ. ಅಲ್ಲಿ ಕೈದಿಯಾಗಿರುವ ಹಳೆಯ ಹೋರಾಟಗಾರನೊಬ್ಬ ಅವನಿಗೆ ನಿಜ ಹೇಳುತ್ತಾನೆ. ಚಳವಳಿಯ ನಾಯಕರಲ್ಲಿ ಹಲವರಿಗೆ ಟವರ್ ಏನು ಮಾಡುತ್ತದೆ ಅಂತ ಚೆನ್ನಾಗಿ ಗೊತ್ತು. ಅದನ್ನು ಒಡೆಯುವ ಮನಸ್ಸು ಅವರಿಗಿಲ್ಲ, ಅದರ ಗುಂಡಿ ತಮ್ಮ ಕೈಗೆ ಬಂದರೆ ಸಾಕು. ಸರ್ಕಾರ ಸುಳ್ಳು ಹೇಳಿದಾಗ ಬರುವುದು ಸಿಟ್ಟು. ಜೊತೆಗೆ ನಿಂತವರೂ ಅದೇ ಸುಳ್ಳಿಗೆ ಸರದಿಯಲ್ಲಿ ಕಾಯುತ್ತಿದ್ದರು ಅಂತ ಗೊತ್ತಾದಾಗ ಏನಾಗುತ್ತದೆ? ಮೈಯಲ್ಲಿ ಬಲವೇ ಇಲ್ಲದಂತಾಗುತ್ತದೆ, ಅಲ್ವಾ?

ಈ ಪುಸ್ತಕಕ್ಕೂ ಸೋವಿಯತ್ ಸೆನ್ಸಾರ್‌ನ ಕತ್ತರಿ ಬಿತ್ತು. 1969ರಲ್ಲಿ 'ನೆವಾ' ಪತ್ರಿಕೆಯಲ್ಲಿ, 1971ರಲ್ಲಿ ಪುಸ್ತಕವಾಗಿ ಬರುವಷ್ಟರಲ್ಲಿ ನೂರಾರು ಕಡೆ ತಿದ್ದಿಸಿದ್ದರು. ಆಳುವವರ ಹೆಸರು 'ಅಜ್ಞಾತ ಪಿತೃಗಳು' ಅಂತ ಇತ್ತು, ಅದನ್ನೂ ಬದಲಿಸಬೇಕಾಯಿತು. ಮ್ಯಾಕ್ಸಿಮ್ ರೊಸ್ತಿಸ್ಲಾವ್‌ಸ್ಕಿ ಎಂಬ ರಷ್ಯನ್ ಹುಡುಗ ಜರ್ಮನ್ ಹೆಸರು ಹೊತ್ತು ಮ್ಯಾಕ್ಸಿಮ್ ಕಾಮ್ಮೆರೆರ್ ಆದ. ಸೋವಿಯತ್ ಒಕ್ಕೂಟ ಹೋದ ಮೇಲೆ ಮೂಲ ಪಠ್ಯ ಹೊರಬಂತು, ಆದರೆ ಆ ಹೆಸರು ಹಾಗೇ ಉಳಿಯಿತು. ಆಗಲೇ ಮುಂದಿನ ಕಾದಂಬರಿಗಳಲ್ಲೂ ಅವನು ಅದೇ ಹೆಸರಿನಲ್ಲಿ ಬೆಳೆದುಬಿಟ್ಟಿದ್ದ.

ಕೊನೆಗೆ ಮ್ಯಾಕ್ಸಿಮ್ ಟವರ್‌ಗಳ ಕೇಂದ್ರವನ್ನೇ ಸ್ಫೋಟಿಸುತ್ತಾನೆ. ಆಗ, ಇಡೀ ಪುಸ್ತಕದಲ್ಲಿ ಅವನಿಗೆ ಶತ್ರುವಿನಂತೆ ಕಂಡಿದ್ದ ದೊಡ್ಡ ಅಧಿಕಾರಿ ಎದುರು ಬಂದು ಬೈಯುತ್ತಾನೆ. ಅವನೂ ಭೂಮಿಯವನೇ, ಹೆಸರು ಸಿಕೋರ್‌ಸ್ಕಿ, ಗುಟ್ಟಾಗಿ ಕೆಲಸ ಮಾಡುತ್ತಿದ್ದವನು. ದೇಶದಲ್ಲಿ ಹಸಿವಿದೆ, ಹಣಕ್ಕೆ ಬೆಲೆ ಇಲ್ಲ, ಕಿರಣ ತಟ್ಟನೆ ನಿಂತರೆ ಎಷ್ಟೋ ಜನ ಹುಚ್ಚರಾಗುತ್ತಾರೆ, ಇದೆಲ್ಲ ಯೋಚಿಸಿದ್ದೆಯಾ ಅಂತ ಕೇಳುತ್ತಾನೆ. ಮ್ಯಾಕ್ಸಿಮ್ ಅಷ್ಟು ಯೋಚಿಸಿರಲಿಲ್ಲ. ಆದರೂ ತಾನು ಬದುಕಿರುವವರೆಗೆ ಇಲ್ಲಿ ಇನ್ನೊಂದು ಕೇಂದ್ರ ಏಳಲು ಬಿಡುವುದಿಲ್ಲ, ಎಷ್ಟೇ ಒಳ್ಳೆಯ ಉದ್ದೇಶ ಇದ್ದರೂ ಬಿಡುವುದಿಲ್ಲ ಅನ್ನುತ್ತಾನೆ. ಸಿಕೋರ್‌ಸ್ಕಿಯ ಲೆಕ್ಕ ಸರಿ ಇರಬಹುದು. ನಾನು ಮಾತ್ರ ಮ್ಯಾಕ್ಸಿಮ್ ಪರ. ಆ ಜನರ ಬದುಕಿನ ಲೆಕ್ಕವನ್ನು ಅವರನ್ನು ಕೇಳದೇ ಹಾಕುವವರು ಆಗಲೇ ಜಾಸ್ತಿ ಇದ್ದರು.

ಆದರೆ 1979ರ 'ಬೀಟಲ್ ಇನ್ ದಿ ಆಂಟ್‌ಹಿಲ್' ಓದಿದಾಗ ಎದೆ ಒಡೆಯಿತು. ಇಪ್ಪತ್ತು ವರ್ಷ ಕಳೆದಿದೆ. ಮ್ಯಾಕ್ಸಿಮ್ ಈಗ ಭೂಮಿಯ ಒಂದು ರಹಸ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಾನೆ, ಸಿಕೋರ್‌ಸ್ಕಿಯೇ ಅವನ ಮೇಲಧಿಕಾರಿ. ಬೇರೆ ಯಾವುದೋ ನಾಗರಿಕತೆ ಬಿಟ್ಟುಹೋಗಿದ್ದ ಪೆಟ್ಟಿಗೆಯಲ್ಲಿ ಸಿಕ್ಕ 13 ಭ್ರೂಣಗಳು ಮನುಷ್ಯರಾಗಿ ಹುಟ್ಟಿ ಬೆಳೆದಿವೆ. ಅವರಲ್ಲೊಬ್ಬ ಲೆವ್ ಅಬಾಲ್ಕಿನ್. ಅವನ ಹುಟ್ಟಿನ ಗುಟ್ಟನ್ನು ಅವನಿಂದಲೇ ಮುಚ್ಚಿಟ್ಟು, ಭೂಮಿಯಿಂದ ದೂರವೇ ಇಟ್ಟಿದ್ದರು. ಅವನಿಂದ ಅಪಾಯ ಆಗಬಹುದು ಎಂಬ ಅನುಮಾನ ಮಾತ್ರ ಇತ್ತು, ಸಾಕ್ಷಿ ಇರಲಿಲ್ಲ. ಸಿಕೋರ್‌ಸ್ಕಿ ಮ್ಯೂಸಿಯಂನಲ್ಲಿ ಅವನಿಗೆ ಗುಂಡು ಹೊಡೆಯುತ್ತಾನೆ. ಅಬಾಲ್ಕಿನ್ ನಿಜವಾಗಿ ಅಪಾಯಕಾರಿಯೇ ಆಗಿದ್ದನಾ ಅಂತ ಪುಸ್ತಕ ಹೇಳುವುದೇ ಇಲ್ಲ. ಒಂದು ಕಾಲದಲ್ಲಿ ಟವರ್ ಒಡೆದಿದ್ದ ಮ್ಯಾಕ್ಸಿಮ್ ಅಲ್ಲಿಗೆ ಓಡಿ ಬರುವಷ್ಟರಲ್ಲಿ ತಡವಾಗಿತ್ತು.