ಕುಕ್ಕರ್ ತೊಳೆಯುವಾಗ ಬಾಖ್

ರಾತ್ರಿ ಪಾತ್ರೆ ತೊಳೆಯುತ್ತಾ ಸುಮ್ನೆ ಜರ್ಮನಿಯ ಹಳೇ ಸಂಗೀತ ಸಂಯೋಜಕ ಬಾಖ್‌ನ ಒಂದು ಕ್ಯಾಂಟಾಟಾ (ಹಾಡು, ವಾದ್ಯ ಎರಡೂ ಸೇರಿದ ಕೃತಿ) ಹಾಕಿದೆ, ಮಸಾಕಿ ಸುಜುಕಿ ತಂಡದ್ದು. ಕುಕ್ಕರ್ ಅರ್ಧಕ್ಕೇ ನಿಂತಿತು. ಸುಜುಕಿ ಜಪಾನಿನ ಕೋಬೆಯವರು, 12ನೇ ವಯಸ್ಸಿಗೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಆಮೇಲೆ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಟಾನ್ ಕೂಪ್‌ಮನ್ ಹತ್ತಿರ ಹಾರ್ಪ್ಸಿಕಾರ್ಡ್ ಎಂಬ ವಾದ್ಯ ಕಲಿತು, ವಾಪಸ್ ಬಂದು 1990ರಲ್ಲಿ ಬಾಖ್ ಕೊಲೀಜಿಯಂ ಜಪಾನ್ ಎಂಬ ಈ ತಂಡ ಕಟ್ಟಿದರು. 1995ರಿಂದ 2013ರವರೆಗೆ ಬಾಖ್‌ನ ಚರ್ಚ್ ಕ್ಯಾಂಟಾಟಾಗಳನ್ನೆಲ್ಲ ರೆಕಾರ್ಡ್ ಮಾಡಿ 55 ಸಿಡಿ ತಂದರು. ಒಂದೇ ಕೆಲಸ, ಅಷ್ಟು ವರ್ಷ! ನನ್ನ ಡೈರಿ ಇವತ್ತಿಗೂ ಜನವರಿ ದಾಟಿಲ್ಲ.

ಹಾರ್ಪ್ಸಿಕಾರ್ಡ್ ನೋಡೋಕೆ ಪಿಯಾನೋ ಥರ, ಆದರೆ ಒಳಗೆ ಸುತ್ತಿಗೆ ಇಲ್ಲ. ಕೀ ಒತ್ತಿದರೆ ಪುಟ್ಟ ಕಡ್ಡಿಯೊಂದು ತಂತಿ ಮೀಟುತ್ತದೆ, ನಮ್ಮ ವೀಣೆಯಲ್ಲಿ ಬೆರಳು ಮೀಟಿದ ಹಾಗೆ. ಎಷ್ಟು ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಮ್ಮಿ ಅಷ್ಟೇ. ಅಂಥ ವಾದ್ಯದಲ್ಲಿ ಒಂದು ಸ್ವರವನ್ನು ಚೂರು ತಡವಾಗಿ ಬಿಟ್ಟು ಗಂಟಲು ಕಟ್ಟಿಸೋದು ಹೇಗೆ ಸ್ವಾಮಿ?