ಚಿನ್ನದ ತಂತಿ, ಜೇಡಿನ ಬಿಲ್ಲೆ: ಹಾನ್ ರಾಜರ ಶವದುಡುಪು

ಜೇಡ್ ಎಂಬ ಅಮೂಲ್ಯ ಕಲ್ಲಿಗೆ ಉಳಿ ನಡೆಯುವುದಿಲ್ಲ. ಪ್ರಾಚೀನ ಚೀನಾದವರು ಬಳಸಿದ್ದು ನೆಫ್ರೈಟ್ ಎಂಬ ಬಗೆ. ಕಲ್ಲುಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಇದರ ಗಡಸು 6ರಿಂದ 6.5. ಅದಕ್ಕಿಂತ ಹೆಚ್ಚು ಕಾಡುವುದು ಇದರ ಒಳರಚನೆ. ಎಳೆಎಳೆಯಾದ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಏಟು ಹಾಕಿದರೆ ನಮಗೆ ಬೇಕಾದ ಕಡೆ ಸೀಳುವುದಿಲ್ಲ. ಹಾಗಾಗಿ ಉಜ್ಜಿ ಉಜ್ಜಿಯೇ ಸವೆಸಬೇಕು. ನೀರಿನಲ್ಲಿ ಕಲಸಿದ ಬೆಣಚು ಮರಳಿನ ಗಡಸು 7, ಕಲ್ಲನ್ನು ತಿನ್ನುವುದು ಅದೇ. ಹಗ್ಗವೋ ಅಲಗೋ ಆ ಮರಳನ್ನು ಎಳೆದಾಡುತ್ತದೆ, ಅಷ್ಟೇ.

ಇಂಥ ಕಲ್ಲಿನಿಂದ ಇಡೀ ಮೈಗೊಂದು ಉಡುಪು ಮಾಡಿದ್ದರು. ಹೆಬೈ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ 1968ರಲ್ಲಿ ಸಿಕ್ಕ ಲಿಯು ಶೆಂಗ್‌ನ ಉಡುಪಿನಲ್ಲಿ 2498 ಬಿಲ್ಲೆಗಳಿವೆ, ಉದ್ದ 1.88 ಮೀಟರ್. ಈತ ಚೀನಾವನ್ನು ಆಳಿದ ಹಾನ್ ವಂಶದವನು, ಝೋಂಗ್‌ಶಾನ್ ಸಂಸ್ಥಾನದ ರಾಜ, ತೀರಿಕೊಂಡದ್ದು ಕ್ರಿ.ಪೂ. 113ರಲ್ಲಿ. ತಲೆ, ಮುಖ, ಎದೆ, ಬೆನ್ನು, ತೋಳು, ಕೈಗವಸು, ಕಾಲು, ಪಾದರಕ್ಷೆ ಎಲ್ಲವನ್ನೂ ಬೇರೆಬೇರೆ ಭಾಗಗಳಾಗಿ ಕಟ್ಟಿ, ಶವಕ್ಕೆ ತೊಡಿಸಿ ಜೋಡಿಸುವ ಏರ್ಪಾಡು. ಸಮತಟ್ಟಾದ ಕಡೆ ಆಯತದ ಬಿಲ್ಲೆ ಸಾಕು. ಮೈ ಬಾಗುವಲ್ಲೆಲ್ಲ ತ್ರಿಕೋನ, ತ್ರಾಪಿಜ್ಯದಂಥವನ್ನು ಅಳೆದು ಕೊಯ್ಯಬೇಕು. ಹೊಟ್ಟೆಯ ಭಾಗವನ್ನಂತೂ ಮುಂದಕ್ಕೆ ಉಬ್ಬಿಸಿಯೇ ಕಟ್ಟಿದ್ದಾರೆ.

ಬಿಲ್ಲೆಯ ಮೂಲೆಗಳಲ್ಲಿ ತಂತಿ ಪೋಣಿಸಲು ತೂತು. ತೂತು ಅಂಚಿಗೆ ತೀರ ಹತ್ತಿರವಾದರೆ ಚಕ್ಕೆ ಎದ್ದು ತಂತಿ ಕಿತ್ತುಬರುತ್ತದೆ, ತೀರ ಒಳಗಾದರೆ ಬಿಲ್ಲೆಗಳ ನಡುವೆ ಸಂದು ಬೀಳುತ್ತದೆ. ಲಿಯು ಶೆಂಗ್‌ಗೆ ಹಿಡಿದ ಚಿನ್ನದ ತಂತಿ ಸುಮಾರು 1100 ಗ್ರಾಂ. ಹೆಂಡತಿ ದೌ ವಾನ್‌ಳ ಉಡುಪಿನಲ್ಲಿ 2160 ಬಿಲ್ಲೆ, ಆದರೆ ಚಿನ್ನ ಸುಮಾರು 700 ಗ್ರಾಂ ಮಾತ್ರ. ಅವಳ ಎದೆ, ಬೆನ್ನಿನ ಬಿಲ್ಲೆಗಳನ್ನು ತಂತಿಯಿಂದ ಹೊಲಿಯದೆ ರೇಷ್ಮೆ ಪಟ್ಟಿಗಳಿಂದ ಅಂಟಿಸಿ ಕಟ್ಟಿದ್ದರು. ರೇಷ್ಮೆಯದು ಒಂದೇ ತೊಂದರೆ: ಕೊಳೆಯುತ್ತದೆ. ಗುವಾಂಗ್‌ಝೌನಲ್ಲಿ 1983ರಲ್ಲಿ ಸಿಕ್ಕ ನಾನ್‌ಯುಯೆ ರಾಜ ಝಾವ್ ಮೊನ ಉಡುಪಿಗೆ ಚಿನ್ನವೇ ಇರಲಿಲ್ಲ, ಪೂರ್ತಿ ರೇಷ್ಮೆ. 2291 ಬಿಲ್ಲೆಗಳೂ ಕಳಚಿ ಬಿದ್ದಿದ್ದವು.

ಉಡುಪಿನೊಳಗೆ ಇನ್ನೊಂದು ಬಂದೋಬಸ್ತು. ನವದ್ವಾರಗಳನ್ನೂ ಜೇಡಿನಿಂದ ಮುಚ್ಚುತ್ತಿದ್ದರು: ಕಣ್ಣು, ಕಿವಿ, ಮೂಗಿನ ಹೊಳ್ಳೆಗೆ ಎರಡೆರಡು, ಬಾಯಿ, ಗುದ, ಜನನಾಂಗಕ್ಕೆ ಒಂದೊಂದು. ಮೈ ಕೊಳೆಯಬಾರದೆಂಬ ನಂಬಿಕೆ. ಹಾನ್ ಕಾಲದ ಎಷ್ಟೋ ಸಮಾಧಿಗಳಲ್ಲಿ ನಾಲಿಗೆಯ ಮೇಲೆ ಜೇಡಿನ ಜೀರುಂಡೆ ಇದೆ. ಮಣ್ಣಿನೊಳಗಿಂದ ಎದ್ದು ಬಂದು ಪೊರೆ ಕಳಚುವ ಹುಳು ಅಲ್ಲವೇ! ಶವದ ಕೈಯಲ್ಲಿ ಹಿಡಿಸುವ ಜೇಡ್ ಹಂದಿಯಂತೂ ಕೆಲಸಗಾರಿಕೆಯ ದೃಷ್ಟಿಯಿಂದ ನನಗೆ ಉಡುಪಿಗಿಂತ ಮೇಲು. ಉದ್ದನೆಯ ಒಂದು ತುಂಡು, ಮೂತಿಯ ಕಡೆ ಓರೆ, ಕಿವಿಗೆ, ಮಡಿಸಿದ ಕಾಲುಗಳಿಗೆ ಕೆಲವೇ ನೇರ ಗೀರು. ಕೈ ಪಳಗಿದವನು ಅಷ್ಟರಲ್ಲೇ ಹಂದಿಯನ್ನು ಮಲಗಿಸಿಬಿಟ್ಟಿದ್ದಾನೆ.

ಲಿಯು ಶೆಂಗ್‌ನ ಜನನಾಂಗದ ಮುಚ್ಚಳದಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಹೊಸದಾಗಿ ಮಾಡಿದ್ದಲ್ಲ, ತ್ಸೊಂಗ್ ಒಂದನ್ನು ತಿದ್ದಿ, ಒಂದು ತುದಿ ಮುಚ್ಚಿದ್ದು. ಹೊರಗೆ ಚೌಕ, ಒಳಗೆ ದುಂಡು ರಂಧ್ರ ಇರುವ ಈ ತ್ಸೊಂಗ್ ಯಾಂಗ್ಟ್ಸಿ ಮುಖಜ ಭೂಮಿಯ ಲಿಯಾಂಗ್‌ಝು ಜನರ (ಸುಮಾರು ಕ್ರಿ.ಪೂ. 3300–2300) ಪೂಜಾವಸ್ತು. ಅವರ ಫಾನ್‌ಶಾನ್ ಸ್ಮಶಾನದ 12ನೇ ಸಮಾಧಿಯಲ್ಲಿ ಸಿಕ್ಕ ದೊಡ್ಡ ತ್ಸೊಂಗ್ 6.5 ಕಿಲೋ ತೂಗುತ್ತದೆ. ಇಂಥವುಗಳಿಗೆ ಎರಡೂ ಕಡೆಯಿಂದ ಕೊರೆಯುತ್ತಿದ್ದರು, ಒಂದೇ ಕಡೆಯಿಂದ ಹೋದರೆ ಆಚೆ ತುದಿ ಒಡೆಯುತ್ತದೆ. ಎರಡು ಕೊರೆತಗಳು ನಡುವೆ ಸರಿಯಾಗಿ ಕೂಡದಿದ್ದರೆ ರಂಧ್ರದೊಳಗೆ ಒಂದು ಮೆಟ್ಟಿಲು ಉಳಿಯುತ್ತದೆ. ಹಾನ್ ಕಾಲದ ಹೊತ್ತಿಗೆ ಅವರ ಪೂಜೆ ಯಾರಿಗೂ ನೆನಪಿರಲಿಕ್ಕಿಲ್ಲ. ಒಳ್ಳೆಯ ಕಲ್ಲು, ತೂತು ಮೊದಲೇ ಇದೆ, ಬಳಸಿಕೊಂಡರು.

ಇಷ್ಟೆಲ್ಲ ಮಾಡಿದರೂ ಮೈ ಉಳಿಯಲಿಲ್ಲ. ಉಡುಪು ಚಪ್ಪಟೆಯಾಗಿ ಕುಸಿದಿತ್ತು, ಒಳಗೆ ಮೂಳೆಯ ಪುಡಿ. ಚಿನ್ನ ಮಾತ್ರ ಕಳ್ಳರನ್ನು ಕರೆಯಿತು. ಹಾನ್ ವಂಶದ ನಂತರ ಬಂದ ವೇಯ್ ಸಾಮ್ರಾಟ ತ್ಸಾವ್ ಪಿ ಕ್ರಿ.ಶ. 222ರಲ್ಲಿ ಜೇಡ್ ಉಡುಪು ಬೇಡವೆಂದು ಕಟ್ಟಪ್ಪಣೆ ಮಾಡಿದ್ದು ಇದಕ್ಕೇ: ಗೋರಿ ಅಗೆದವರು ತಂತಿಗಾಗಿ ಉಡುಪನ್ನು ಮೂಳೆಸಮೇತ ಸುಡುತ್ತಿದ್ದರು. ಮಾನ್‌ಚೆಂಗ್‌ನದು ಉಳಿದದ್ದಕ್ಕೆ ಜೇಡ್ ಕಾರಣವಲ್ಲ. ಗುಡ್ಡ ಕೊರೆದು ಗೋರಿ ಮಾಡಿ, ಬಾಗಿಲಿಗೆ ಎರಡು ಗೋಡೆ ಎಬ್ಬಿಸಿ, ನಡುವೆ ಕರಗಿದ ಕಬ್ಬಿಣ ಸುರಿದಿದ್ದರು. ಕೊನೆಗೆ ಅದನ್ನು ತೆರೆದದ್ದು ಸುರಂಗ ಕೊರೆಯುತ್ತಿದ್ದ ಸೈನಿಕರ ಸಿಡಿಮದ್ದು.