‘ಹಂಗಾರ ಸಿಲಬಸ್ ಯಾವಾಗ ಮುಗಸೂದ್ರಿ ಸರ?’

ಒಂದೇ ತರಗತಿಯ ಎಲ್ಲ ಬಗೆಯ ಮಕ್ಕಳಿಗೂ ದಕ್ಕುವ ಹಾಗೆ ಪಾಠ ಹೊಂದಿಸುವುದು ಹೇಗೆ ಅಂತ ಶಿಕ್ಷಕರಿಗೆ ತರಬೇತಿ ಕೊಡಲು ಹೋದಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಸಿಂಧನೂರಿರಲಿ, ಮಾನ್ವಿ ಇರಲಿ, ಗಂಗಾವತಿ ಇರಲಿ. ಬೆಳಿಗ್ಗೆ ಯಾರೂ ಕೇಳುವುದಿಲ್ಲ, ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. ಒಗ್ಗರಣಿ-ಮಿರ್ಚಿ ತಿಂದು, ಚಹಾ ಕುಡಿದು, ಸ್ವಲ್ಪ ಸಲಿಗೆ ಬೆಳೆದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಏಳುತ್ತಾರೆ.

“ಸರ, ನೀವು ಹೇಳೂದೆಲ್ಲಾ ಖರೇ. ಆದ್ರ ನನ್ನ ಕ್ಲಾಸಿನ್ಯಾಗ ಐವತ್ತೆರಡು ಹುಡುಗ್ರು ಅದಾರ. ಕಿವಿ ಕೇಳದವ್ರು, ಕನ್ನಡ ಬರದವ್ರು, ಎರಡ್ ತಿಂಗಳು ಸಾಲಿಗೇ ಬರದವ್ರು. ಒಬ್ಬೊಬ್ರಿಗೆ ಒಂದೊಂದು ಪಾಠ ಮಾಡ್ಕೋತ ಕುಂತ್ರ ಸಿಲಬಸ್ ಯಾವಾಗ ಮುಗಸ್ಲಿ?”

ಇಡೀ ಹಾಲ್ ನಗುತ್ತದೆ. ನಾನೂ ನಗುತ್ತೇನೆ. ಆದರೆ ಅವರು ತಮಾಷೆ ಮಾಡುತ್ತಿಲ್ಲ, ಅದು ನನಗೂ ಗೊತ್ತು. ಹಾಲ್‌ನಲ್ಲಿ ಉತ್ತರ ಹೇಳಲು ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತೆರಡು ಪಾಠ ಮಾಡಬೇಡಿ. ಒಂದೇ ಪಾಠ ಮಾಡಿ. ಆದರೆ ಆ ಪಾಠದಿಂದ ಮಕ್ಕಳಿಗೆ ಏನು ದಕ್ಕಬೇಕು ಅನ್ನುವುದನ್ನು ಹಿಂದಿನ ದಿನವೇ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಆ ಒಂದು ಸಾಲು ಗಟ್ಟಿ ಇದ್ದರೆ ಉಳಿದದ್ದನ್ನೆಲ್ಲ ಸಡಿಲ ಬಿಡಬಹುದು. ಪುಸ್ತಕದ ಪುಟ, ಉದಾಹರಣೆ, ಮಾತಾಡುವ ಭಾಷೆ, ಮಗು ಉತ್ತರ ಕೊಡುವ ರೀತಿ, ಎಲ್ಲವನ್ನೂ.

ಇದು ಬರೀ ಮಾತು ಅನ್ನಿಸಬಹುದು. ನಾನು ನೋಡಿದ ಒಂದು ತರಗತಿಯ ಕಥೆ ಕೇಳಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಯಿತು, ನೆನಪಿದೆ ಅಲ್ವಾ? ಅದಾದ ಎರಡು-ಮೂರು ದಿನಕ್ಕೆ ಕಾಲುವೆ ಕೊನೆಯ ಒಂದು ಊರಿನ ಶಾಲೆಗೆ ಹೋಗಿದ್ದೆ. ಐದನೇ ತರಗತಿ. ಆ ದಿನದ ಪಾಠ ನೀರಿನ ಬಗ್ಗೆ. ಪುಸ್ತಕದಲ್ಲಿ ಏನಿತ್ತೋ ಬಿಡಿ, ಮಕ್ಕಳ ಬಾಯಲ್ಲಿ ಇದ್ದದ್ದು ಗೇಟಿನ ಮಾತೊಂದೇ. ಮನೆಯಲ್ಲಿ ದೊಡ್ಡವರು ಭತ್ತದ ಗತಿ ಏನು ಅಂತ ತಲೆ ಕೆಡಿಸಿಕೊಂಡು ಕೂತಿದ್ದರು, ಅದನ್ನು ಮಕ್ಕಳು ಕೇಳಿಸಿಕೊಂಡು ಬಂದಿದ್ದರು. ಮೇಡಂ ಬುದ್ಧಿವಂತೆ. ಪುಸ್ತಕ ಮುಚ್ಚಿಟ್ಟು, “ನಮ್ಮೂರಿಗೆ ನೀರು ಎಲ್ಲಿಂದ ಬರ್ತದ, ಯಾರಿಗೆ ಮೊದಲು ಸಿಗ್ತದ?” ಅಂತ ಕೇಳಿದರು.

ಕಿಟಕಿ ಪಕ್ಕ ಒಬ್ಬ ಹುಡುಗ ಕೂತಿದ್ದ. ಕಿವಿಗೆ ಮಷಿನ್ ಇತ್ತು, ಆದರೂ ಅರ್ಧ ಮಾತು ಅವನಿಗೆ ಸಿಗುತ್ತಿರಲಿಲ್ಲ. ಮೇಡಂ ಬೋರ್ಡಿಗೆ ಮುಖ ಮಾಡಿ ಮಾತಾಡಿದಾಗಂತೂ ಏನೂ ಸಿಗುತ್ತಿರಲಿಲ್ಲ. ಅವನು ನೋಟ್‌ಬುಕ್ ಅಡ್ಡ ತಿರುಗಿಸಿ ಡ್ಯಾಮ್ ಬರೆದ. ಸ್ಕೇಲ್ ಹಿಡಿದು ಒಂದೊಂದೇ ಗೇಟ್ ಎಣಿಸಿ 33 ಹಾಕಿದ. 19ನೆಯದನ್ನು ಖಾಲಿ ಬಿಟ್ಟು ಅಲ್ಲಿಂದ ನೀಲಿ ಬಣ್ಣ ಕೆಳಗೆ ಸುರಿದ. ಪಕ್ಕದಿಂದ ಒಂದು ಕಾಲುವೆ ಎಳೆದ, ಮೊದಲು ದಪ್ಪ, ಬರಬರುತ್ತಾ ತೆಳು. ಕೊನೆಗೆ ಪೆನ್ಸಿಲ್ಲಿನ ಬರೀ ಒಂದು ಗೆರೆ, ಆ ಗೆರೆ ಮುಗಿದಲ್ಲಿ ತನ್ನ ಊರಿನ ಹೆಸರು.

ಮೇಡಂ ಅದನ್ನು ತಂದು ನನಗೆ ತೋರಿಸಿ ಮೆಲ್ಲಗೆ ಕೇಳಿದರು: “ಇದನ್ನ ಉತ್ತರ ಅಂತ ತಗೋಬಹುದೇನ್ರಿ ಸರ? ಐದು ವಾಕ್ಯ ಬರಿ ಅಂತ ಅದ ಅಲ್ರಿ.”

ನಾನು ತರಬೇತಿಯಲ್ಲಿ ಹೇಳುವುದೆಲ್ಲ ಈ ಒಂದು ಪ್ರಶ್ನೆಯೊಳಗೆ ಇದೆ. ಅವತ್ತಿನ ಗುರಿ ವಾಕ್ಯ ಬರೆಯುವುದಾಗಿದ್ದರೆ ಆ ಚಿತ್ರ ಉತ್ತರ ಅಲ್ಲ. ಕನ್ನಡ ಪಾಠದಲ್ಲಿ ಅವನೂ ವಾಕ್ಯ ಬರೆಯಲೇಬೇಕು, ಅಲ್ಲಿ ರಿಯಾಯಿತಿ ಕೊಟ್ಟರೆ ಅವನಿಗೇ ಮೋಸ. ಆದರೆ ಅವತ್ತಿನ ಗುರಿ ನೀರು ಎಲ್ಲಿಂದ ಬಂದು ಹೇಗೆ ಹಂಚಿಕೆಯಾಗುತ್ತದೆ ಅನ್ನುವುದು. ಕಾಲುವೆಯ ಕೊನೆಗೆ ನೀರು ಕಡಿಮೆ ಬರುತ್ತದೆ ಅಂತ ಗೆರೆಯಲ್ಲೇ ತೋರಿಸಿದ ಹುಡುಗನಿಗಿಂತ ಚೆನ್ನಾಗಿ ಆ ಕ್ಲಾಸಿನಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ.

ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ನಾವು ಎರಡನ್ನೂ ಕಲಸಿಬಿಡುತ್ತೇವೆ. ಗುರಿ ಅದೇ ಇಟ್ಟು ದಾರಿ ಬದಲಿಸುವುದು ಒಂದು. ಅದು ಹೊಂದಾಣಿಕೆ. ಮುಂದಿನ ಬೆಂಚು, ದೊಡ್ಡ ಅಕ್ಷರ, ಬಾಯಿಮಾತಿನ ಉತ್ತರ, ಜಾಸ್ತಿ ಸಮಯ, ಇವೆಲ್ಲ ಆ ಜಾತಿಗೆ ಸೇರಿದ್ದು. ಗುರಿಯನ್ನೇ ಬದಲಿಸುವುದು ಇನ್ನೊಂದು. ಅದು ಮಾರ್ಪಾಡು. ಉಳಿದವರು ಭಿನ್ನರಾಶಿ ಕೂಡಿಸುವಾಗ ಒಂದು ಮಗು ಅರ್ಧ ಮತ್ತು ಕಾಲು ಗುರುತಿಸುವುದನ್ನು ಕಲಿಯುತ್ತಿರುತ್ತದೆ. ಇದು ಬೇಕಾಗುವುದು ತೀರಾ ಕೆಲವರಿಗೆ ಮಾತ್ರ. ನಮ್ಮಲ್ಲಿ ಆಗುವುದು ಉಲ್ಟಾ. ದಾರಿ ಬದಲಿಸಿದರೆ ಸಾಕಿದ್ದ ಮಗುವಿಗೆ ಗುರಿಯನ್ನೇ ಇಳಿಸಿಬಿಡುತ್ತೇವೆ. “ಅವಗ ಇಷ್ಟ ಸಾಕ್ರಿ” ಅನ್ನುತ್ತೇವೆ. ಕರುಣೆಯಿಂದಲೇ ಅನ್ನುತ್ತೇವೆ, ಅದೇ ತಾಪತ್ರಯ.

ನಾನೂ ತಪ್ಪು ಮಾಡಿದ್ದೇನೆ, ದಾರಿಯನ್ನೇ ಬದಲಿಸದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಬಾಯಲ್ಲಿ ಎಲ್ಲಾ ಹೇಳುತ್ತಿದ್ದ, ಬರೆಯಲು ಕೂತರೆ ಒತ್ತಕ್ಷರವೆಲ್ಲ ಅದಲುಬದಲು. ಹತ್ತು ಸಲ ಬರೆಸಿದೆ, ಇಪ್ಪತ್ತು ಸಲ ಬರೆಸಿದೆ. ಕಲಿಕಾ ನ್ಯೂನತೆ ಅನ್ನುವ ಮಾತೇ ನನ್ನ ಕಿವಿಗೆ ಬಿದ್ದಿರಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದೇ 7 ಬಗೆ, ಅದರಲ್ಲಿ ಇದು ಇರಲಿಲ್ಲ. 2016ರ ಕಾಯ್ದೆ ಬಂದ ಮೇಲೆ ಪಟ್ಟಿ 21ಕ್ಕೆ ಏರಿತು, ಕಲಿಕಾ ನ್ಯೂನತೆಯೂ ಸೇರಿತು, ಶಾಲೆಯಲ್ಲೇ ಅದನ್ನು ಬೇಗ ಗುರುತಿಸಬೇಕು ಅಂತಲೂ ಬಂತು. ಆ ಹುಡುಗ ಅಷ್ಟರಲ್ಲಿ ಏಳನೇ ತರಗತಿಗೇ ಶಾಲೆ ಬಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ವರ್ಷಗಳೇ ಆಗಿದ್ದವು.

ಅಂಗವೈಕಲ್ಯ ಒಂದೇ ಅಲ್ಲ. ನಮ್ಮ ಭಾಗದಲ್ಲಿ ಮನೆಮಾತಿನದ್ದೇ ದೊಡ್ಡ ಕಥೆ. ಸಿಂಧನೂರು ತಾಲ್ಲೂಕಿನಲ್ಲಿ ಒಂದು ಸುತ್ತು ಹಾಕಿದರೆ ವಲಸೆ ಬಂದ ರೈತರ ಕ್ಯಾಂಪಿನಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು, ನಿರಾಶ್ರಿತರ ಪುನರ್ವಸತಿಯ ಆರ್.ಎಚ್. ಕ್ಯಾಂಪಿನಲ್ಲಿ ಬಂಗಾಳಿ. ‘ಅ’ ಅಂದರೆ ‘ಅಮ್ಮ’ ಅಂತ ಶುರು ಮಾಡುತ್ತೇವೆ. ತಾಂಡಾದ ಮಗುವಿಗೆ ಅಮ್ಮ ಅಂದರೆ ‘ಯಾಡಿ’. ಅದು ಬಿಡಿ, ಇಲ್ಲಿ ಕನ್ನಡದ ಮಕ್ಕಳೂ ‘ಅವ್ವ’ ಅಂತಲೇ ಕರೆಯೋದು! ‘ಅ’ ಅಂದರೆ ‘ಅವ್ವ’ ಅಂದರೆ ಅಕ್ಷರಕ್ಕೇನೂ ನಷ್ಟ ಇಲ್ಲ. ಜತೆಗೆ ಯಾಡಿ ಅನ್ನುವುದನ್ನೂ ಬೋರ್ಡಿನ ಮೇಲೆ ಬರೆದರೆ, ‘ಯ’ ಬರುವ ಹೊತ್ತಿಗೆ ಅದು ಕೆಲಸಕ್ಕೆ ಬರುತ್ತದೆ.

ಇನ್ನು ಹತ್ತಿ ಬಿಡಿಸಲು ಹೋಗುವ ಮಕ್ಕಳು. ಸೀಸನ್ ಬಂತೆಂದರೆ ಹಾಜರಿ ಪುಸ್ತಕ ಖಾಲಿ. ತಿರುಗಿ ಬಂದವರಿಗೆ ನಾವು ಇಡುವ ಹೆಸರು ‘ಹಿಂದುಳಿದವರು’. ಜನವರಿಯಲ್ಲಿ ಒಂದು ಶಾಲೆಯಲ್ಲಿ ಹಾಗೆ ತಿರುಗಿ ಬಂದ ಹುಡುಗಿಯೊಬ್ಬಳು ಬೋರ್ಡಿನ ಮೇಲೆ 52 ಗುಣಿಸು 12 ಮಾಡುತ್ತಿದ್ದಳು. ಮೊದಲ ಸಾಲು 104, ಅದರ ಕೆಳಗೆ ಸೊನ್ನೆ ಇಡದೆ 52. ಕೂಡಿಸಿ 156 ಅಂತ ಬರೆದಳು. ಸರ್ ಚಾಕ್‌ಪೀಸ್ ಕಸಿದುಕೊಳ್ಳುವುದರಲ್ಲಿದ್ದರು. ನಾನು ಕೇಳಿದೆ, “ನಿಮ್ಮವ್ವ 38 ಕೇಜಿ ಬಿಡಸಿದ್ಲು, ನೀನು 14 ಕೇಜಿ. ಕೇಜಿಗೆ 12 ರೂಪಾಯಿ. ಎಷ್ಟಾತವ್ವ?” ತಲೆ ಎತ್ತಿ ಒಂದು ಸಲ ಛಾವಣಿ ನೋಡಿದಳು. “ಆರ್ನೂರಾ ಇಪ್ಪತ್ನಾಕು.” ಹೇಗೆ ಅಂದೆ. “ಹತ್ ರೂಪಾಯಿದು ಐನೂರಾ ಇಪ್ಪತ್ತು, ಮ್ಯಾಲಿನ ಎರಡ್ ರೂಪಾಯಿದು ನೂರಾ ನಾಕು.” ಅಷ್ಟು ಹೇಳಿ ಬೋರ್ಡಿನ ಕಡೆ ತಿರುಗಿದವಳು ತಾನೇ ನಿಂತುಬಿಟ್ಟಳು. “ಇದು ಐವತ್ತೆರಡು ಅಲ್ರಿ, ಐನೂರಾ ಇಪ್ಪತ್ತು!” ಅಂತ ಸೊನ್ನೆ ಇಟ್ಟಳು. ಯಾಕೆ ಸೊನ್ನೆ ಇಡಬೇಕು ಅನ್ನುವುದು ಅವಳಿಗೆ ಅವತ್ತು ತಿಳಿಯಿತು. ಅವಳ ಜತೆಗೆ, ದಿನಾ ಶಾಲೆಗೆ ಬಂದಿದ್ದ ಹತ್ತು-ಹದಿನೈದು ಮಂದಿಗೂ ತಿಳಿಯಿತು ಅನ್ನುವುದು ನನ್ನ ಊಹೆ. ಒಬ್ಬಳಿಗಾಗಿ ಬದಲಿಸಿದ್ದು ಒಬ್ಬಳಿಗೇ ಹೋಗುವುದಿಲ್ಲ. ಸಮಯ ಎಲ್ಲಿಂದ ತರಲಿ ಅನ್ನುವವರಿಗೆ ನನ್ನ ಅರ್ಧ ಉತ್ತರ ಇದು.

ಇನ್ನರ್ಧ ನಿಮಗೆ ಈಗಾಗಲೇ ಗೊತ್ತಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಈಗ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರರವರೆಗೆ ಇದೆ. ಮಕ್ಕಳನ್ನು ತಟ್ಟೆ ಹಾಕಿ, ಅಂದರೆ ಕಲಿಕೆಯ ಮಟ್ಟಕ್ಕೆ ತಕ್ಕ ಗುಂಪು ಮಾಡಿ ಕೂರಿಸುತ್ತೀರಿ. ಒಂದು ತಟ್ಟೆಗೆ ನೀವು ಪೂರ್ತಿ ಕಲಿಸುತ್ತೀರಿ, ಒಂದಕ್ಕೆ ಅರ್ಧ, ಒಂದರಲ್ಲಿ ಮಕ್ಕಳೇ ಮಕ್ಕಳಿಗೆ, ಒಂದರಲ್ಲಿ ತಾವೇ. ಒಂದೇ ಕೋಣೆಯಲ್ಲಿ ನಾಲ್ಕು-ಐದು ವೇಗ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದೇ ಮಕ್ಕಳನ್ನು ಸಾಲಾಗಿ ಕೂರಿಸಿ ಪುಟ 1ರಿಂದ ಎಲ್ಲರೂ ಓದಿ ಅನ್ನುತ್ತೇವೆ. ಬೇಸಿಗೆ ರಜೆಯಲ್ಲಿ ಮಕ್ಕಳೆಲ್ಲ ಒಂದೇ ವೇಗಕ್ಕೆ ಬಂದರೇನು?

ತರಬೇತಿಯಲ್ಲೂ ತಪ್ಪಿದೆ, ಒಪ್ಪುತ್ತೇನೆ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ), ಅಲ್ಲಿಂದ ಶಾಲೆಗೆ ಅಂತ ಇಳಿಯುವ ತರಬೇತಿ ತುಂಗಭದ್ರೆಯ ಎಡದಂಡೆ ಕಾಲುವೆ ಇದ್ದ ಹಾಗೆ. ಕೊನೆ ಭಾಗಕ್ಕೆ ಬರುವಷ್ಟರಲ್ಲಿ ನೆಲ ಒದ್ದೆ ಆದರೆ ಪುಣ್ಯ. ನಾನೂ ವರ್ಷಗಟ್ಟಲೆ ಪಿಪಿಟಿ ಹಾಕಿ, ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕಲಿಯುವ ‘ಸಮನ್ವಯ ಶಿಕ್ಷಣ’ದ ವ್ಯಾಖ್ಯೆ ಓದಿದ್ದೇನೆ. ಊಟ ಆದ ಮೇಲೆ ಅರ್ಧ ಹಾಲ್ ತೂಕಡಿಸುತ್ತಿತ್ತು.

ಈಗ ಬೇರೆ ಮಾಡುತ್ತೇನೆ. ಬರುವಾಗ ಮುಂದಿನ ಸೋಮವಾರದ ಪಾಠ ತನ್ನಿ, ನಿಮ್ಮ ತರಗತಿಯ ಮೂರು ಮಕ್ಕಳನ್ನು ತಲೆಯಲ್ಲಿಟ್ಟುಕೊಂಡು ಬನ್ನಿ ಅನ್ನುತ್ತೇನೆ. ಒಂದು, ಅಂಗವೈಕಲ್ಯ ಇರುವ ಮಗು. ಇನ್ನೊಂದು, ಮನೆಮಾತು ಬೇರೆ ಇರುವ ಅಥವಾ ನಡುವೆ ಶಾಲೆ ತಪ್ಪಿಸಿದ ಮಗು. ಮತ್ತೊಂದು, ಎಲ್ಲಕ್ಕಿಂತ ಮೊದಲು ಮುಗಿಸಿ ಪಕ್ಕದವರನ್ನು ಚಿವುಟುವ ಮಗು. ಅದನ್ನು ಎಲ್ಲರೂ ಮರೆಯುತ್ತಾರೆ. ಒಂದೂವರೆ ತಾಸು ಆ ಒಂದು ಪಾಠದ ಮೇಲೆಯೇ ಕೂರುತ್ತೇವೆ. ಹದಿನೈದು ದಿನ ಬಿಟ್ಟು ಅವರ ತರಗತಿಗೇ ಹೋಗಿ ಹಿಂದೆ ಕೂರುತ್ತೇನೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿ ಇರುವ ಬಿಐಇಆರ್‌ಟಿ ಶಿಕ್ಷಕರು ಸಿಕ್ಕರೆ ಅವರನ್ನೂ ಕರೆದುಕೊಂಡು ಹೋಗುತ್ತೇನೆ. ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಮಂದಿ ಇರುವ ಅವರ ಮೇಲೆ ಎಲ್ಲ ಮಕ್ಕಳನ್ನೂ ಹೊರಿಸಿ ನಾವು ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಒಂದು ಮಾತು ಎಸ್‌ಎಸ್‌ಎಲ್‌ಸಿಯವರಿಗೆ. ಅಂಗವೈಕಲ್ಯ ಇರುವ ಮಗುವಿಗೆ, ಅದು ಹೇಳಿದ್ದನ್ನು ಬರೆದುಕೊಡುವ ಬರಹಗಾರರು, ಹೆಚ್ಚುವರಿ ಸಮಯ ಅಂತ ಸೌಲಭ್ಯ ಇದೆ, ಅರ್ಜಿಯನ್ನೂ ಹಾಕುತ್ತೀರಿ. ಆದರೆ ಮಗು ಬರಹಗಾರರ ಮುಖ ನೋಡುವುದೇ ಪರೀಕ್ಷೆಯ ದಿನ. ಬೇರೆಯವರಿಗೆ ಹೇಳಿ ಬರೆಸುವುದೂ ಒಂದು ಅಭ್ಯಾಸ ಸ್ವಾಮಿ. ಎಂಟನೇ ತರಗತಿಯ ಕಿರುಪರೀಕ್ಷೆಯಿಂದಲೇ ಮಾಡಿಸಿ.

ಐವತ್ತೆರಡು ಮಕ್ಕಳ ಆ ಸರ್ ತರಗತಿಗೂ ಹೋಗಿದ್ದೆ, ಫೆಬ್ರವರಿಯಲ್ಲಿ. ಬಾಗಿಲಲ್ಲೇ ಸಿಕ್ಕರು. ಕೇಳುವ ಮೊದಲೇ ಹೇಳಿದರು: “ಇನ್ನೂ ಎರಡು ಪಾಠ ಬಾಕಿ ಅದಾವ ನೋಡ್ರಿ ಸರ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರೇ ಬೆಲ್ಲಿನ ಕಡೆ ನಡೆಯುತ್ತಾ ಅಂದರು: “ಮೊದಲೂ ಎರಡು ಉಳೀತಿದ್ವು ಬಿಡ್ರಿ.”